ಮಾತು ಬಿಟ್ಟ ಎಂಟು ದಿನ

ಎದುರಿಗಿರುವವರು ಐದು ನಿಮಿಷ ಸುಮ್ಮನೆ ಕೂತರೆ ನನಗೆ ಹೆದರಿಕೆಯಾಗುತ್ತದೆ. ಹುನಗುಂದದ ಹೈಸ್ಕೂಲಿನಲ್ಲಿ ಗದ್ದಲ ಅಡಗಿಸುವುದಕ್ಕೇ ಸಂಬಳ ಪಡೆಯುವ, ನಲವತ್ತಾರು ದಾಟಿದ ಶಿಕ್ಷಕಿ ಹೇಳಿಕೊಳ್ಳುವಂಥ ಮಾತಲ್ಲ ಇದು. ಮದುವೆಯಾದ ಹೊಸತರಲ್ಲಿ ನಮ್ಮ ಮನೆಯವರನ್ನು ದಿನಕ್ಕೆ ಹತ್ತು ಸಲ "ಸಿಟ್ಟ ಬಂದೇತೇನ್ರಿ?" ಎಂದು ಕೇಳುತ್ತಿದ್ದೆ. ಮೊದಲೇ ಮಾತು ಕಡಿಮೆಯಿರುವ ಆ ಮನುಷ್ಯನಿಗೆ ಹತ್ತನೆಯ ಸಲಕ್ಕೆ ನಿಜವಾಗಿಯೂ ಸಿಟ್ಟು ಬರುತ್ತಿತ್ತು. ಆಗ ನನಗೊಂದು ವಿಚಿತ್ರ ಸಮಾಧಾನ: ನನ್ನ ಅನುಮಾನ ಸುಳ್ಳಾಗಲಿಲ್ಲವಲ್ಲ!

ಇದರ ಜೊತೆಗೆ ಮರೆವು. ವಯಸ್ಸಿನದಲ್ಲ, ಹುಟ್ಟಿನಿಂದಲೇ ಬಂದದ್ದು. ಹಾಜರಿ ಪುಸ್ತಕ ತರಲು ಹೋದವಳು ಬೇವಿನ ಗಿಡದ ಗಿಳಿ ನೋಡುತ್ತ ನಿಂತು ಬರಿಗೈಯಲ್ಲಿ ಮರಳುತ್ತೇನೆ.

ಒಂಬತ್ತು ವರ್ಷದವಳಿದ್ದಾಗ ಅವ್ವನ ಜೊತೆ ಬಾಗಲಕೋಟೆಯಿಂದ ಇಳಕಲ್ಲಿಗೆ ಬಸ್ಸಿನಲ್ಲಿ ಬರುತ್ತಿದ್ದೆ. ಅಮೀನಗಡದಲ್ಲಿ ಬಸ್ಸು ತುಸು ಹೊತ್ತು ನಿಂತಾಗ ಇಬ್ಬರೂ ಇಳಿದೆವು. ಕರದಂಟಿನ ಅಂಗಡಿಯಲ್ಲಿ ಒಬ್ಬಾತ ದೊಡ್ಡ ಬಾಣಲೆಯಲ್ಲಿ ಬೆಲ್ಲದ ಪಾಕ ತಿರುವುತ್ತಿದ್ದ. ಗುಳ್ಳೆಗಳು ಏಳುವುದನ್ನೂ ಒಡೆಯುವುದನ್ನೂ ನೋಡುತ್ತ ಮೈಮರೆತೆ. ತಿರುಗಿದಾಗ ಬಸ್ಸೂ ಇಲ್ಲ, ಅವ್ವನೂ ಇಲ್ಲ. ಅಂಗಡಿಯವನು ಸ್ಟೂಲಿನ ಮೇಲೆ ಕೂರಿಸಿ ಒಂದು ತುಂಡು ಕರದಂಟು ಕೊಟ್ಟ. ತಿನ್ನದೆ ಹಿಡಿದುಕೊಂಡೇ ಕೂತೆ, ಬೆರಳೆಲ್ಲ ಅಂಟಾಯಿತು. ಒಂದು ತಾಸಿನ ಮೇಲೆ ಅವ್ವ ಎದುರಿನಿಂದ ಬಂದ ಬಸ್ಸಿನಿಂದಿಳಿದು ನನ್ನ ರಟ್ಟೆ ಹಿಡಿದು ಕರೆದೊಯ್ದಳು. ಹೊಡೆಯಲಿಲ್ಲ, ಬಯ್ಯಲಿಲ್ಲ. ಎಂಟು ದಿನ ನನ್ನೊಡನೆ ಮಾತೇ ಆಡಲಿಲ್ಲ. ತಟ್ಟೆ ಮುಂದೆ ಸರಿಸಿ ಒಳಗೆ ಹೋಗಿಬಿಡುತ್ತಿದ್ದಳು. ಮರೆತರೆ ಜನ ಬಿಟ್ಟುಹೋಗುತ್ತಾರೆ ಎಂದು ಆಗ ಕಲಿತೆ. ಶಾಲೆಯಲ್ಲಿ ಕಲಿತ ಮಗ್ಗಿ ಎಷ್ಟೋ ಮರೆತಿದ್ದೇನೆ, ಇದನ್ನು ಮರೆಯಲಾಗಿಲ್ಲ.

ನಮಗೊಬ್ಬಳೇ ಮಗಳು, ಹನ್ನೊಂದು ವರ್ಷದವಳು. ಒಂದು ಲೆಕ್ಕ ಮುಗಿಸುವುದರೊಳಗೆ ಮೂರು ಸಲ ಏಳುವ ಈ ಹುಡುಗಿಗೆ ಸಹನಾ ಎಂದು ಹೆಸರಿಟ್ಟಿದ್ದೇವೆ. ಕಳೆದ ವರ್ಷ ಮಹಾಕೂಟದ ಹೊಂಡದ ಬಳಿ ನನ್ನ ಮೊಬೈಲನ್ನು ಅವಳ ಕೈಗೆ ಕೊಟ್ಟಿದ್ದೆ. ಮೀನು ನೋಡುತ್ತ ಎಲ್ಲಿಟ್ಟಳೋ, ಸಿಗಲಿಲ್ಲ. ನಾನು ಬಯ್ಯಲಿಲ್ಲ. ಬಾದಾಮಿಯವರೆಗೂ ಮಾತಾಡಲಿಲ್ಲ, ಅಲ್ಲಿಂದ ಮನೆಯವರೆಗೂ ಇಲ್ಲ, ಮರುದಿನವೂ ಇಲ್ಲ. ತಟ್ಟೆ ಮುಂದೆ ಸರಿಸಿದೆ. ಮೂರನೆಯ ದಿನ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅವ್ವಾ, ಸಿಟ್ಟ ಬಂದೇತೇನು?" ಎಂದಳು. ತುಸು ಹೊತ್ತಿಗೆ ಮತ್ತೆ ಕೇಳಿದಳು. ಮತ್ತೆ ಕೇಳಿದಳು. ಲಟ್ಟಣಿಗೆ ಹಿಡಿದ ನನ್ನ ಕೈ ಹಾಗೇ ನಿಂತಿತು. ಅದು ನನ್ನದೇ ದನಿಯಾಗಿತ್ತು.

ಆಮೇಲೆ ಅವಳನ್ನು ಬಾಗಲಕೋಟೆಯ ಮನೋವೈದ್ಯೆಯ ಬಳಿಗೆ ಕರೆದೊಯ್ದೆ. ಆ ಡಾಕ್ಟರಮ್ಮ ಮಗಳನ್ನು ಕೇಳಿದ ಅರ್ಧ ಪ್ರಶ್ನೆಗಳಿಗೆ ನಾನೇ ತಲೆಯಾಡಿಸುತ್ತ ಕೂತಿದ್ದೆ. ನಾಲ್ಕಾರು ಭೇಟಿಗಳಾದ ಮೇಲೆ ಅವರೆಂದರು: "ಚಿತ್ತ ಹರಿದಾಡೂದು ಹುಟ್ಟಿನಿಂದ ಬಂದದ್ರಿ. ಎಡಿಎಚ್‌ಡಿ ಅಂತೀವಿ. ತಾಯಿ, ಮಗಳು ಇಬ್ಬರಿಗೂ ಇರಬಹುದು. ಆದರ ಎಲ್ಲಿ ಬಿಟ್ಟ ಹೋಗ್ತಾರೋ ಅನ್ನೋ ಅಂಜಿಕಿ ಬ್ಯಾರೆ. ಅದನ್ನ ಬದುಕಿನಾಗ ಕಲೀತೀವಿ. ಅಂಜಿದ ಹುಡುಗರು ಇನ್ನಷ್ಟು ಮರೀತಾರ, ಮರತು ಮತ್ತ ಬೈಸ್ಕೋತಾರ. ಹೊರಗ ನಿಂತು ನೋಡಿದ್ರ ಯಾವುದು ಯಾವುದು ಅಂತ ತಿಳಿಯಂಗಿಲ್ಲ."

ಮನುಷ್ಯರು ಒಬ್ಬರಿಗೊಬ್ಬರು ಅಂಟಿಕೊಳ್ಳುವುದರಲ್ಲೂ ಬಗೆಗಳಿವೆಯಂತೆ. ಕೆಲವರು ಬಿಗಿಯಾಗಿ ಹಿಡಿಯುತ್ತಾರೆ, ಕೆಲವರು ನೋವಾದೀತೆಂದು ಮೊದಲೇ ದೂರ ನಿಲ್ಲುತ್ತಾರೆ. ಗಂಡನನ್ನು ಬಿಗಿಯಾಗಿ ಹಿಡಿದು ಮಗಳಿಂದ ದೂರ ನಿಂತ ನಾನು ಎರಡೂ ಪರೀಕ್ಷೆಗಳಲ್ಲಿ ಪಾಸು.

ಮುಂದಿನ ಭಾನುವಾರ ಇಳಕಲ್ಲಿಗೆ, ತಮ್ಮನ ಮನೆಗೆ ಹೋದೆ. ಅವ್ವ ಅಲ್ಲೇ ಇರುತ್ತಾಳೆ. ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಆ ಎಂಟು ದಿನ ಯಾಕೆ ಮಾತು ಬಿಟ್ಟಿದ್ದೆ ಎಂದು ಕೇಳಿದೆ. ಅವಳು ಎಷ್ಟು ಹೊತ್ತು ಸುಮ್ಮನಿದ್ದಳೆಂದರೆ, ಸಿಟ್ಟು ಬಂತೇನು ಎಂದು ಕೇಳಲು ನಾನು ಬಾಯಿ ತೆರೆದಿದ್ದೆ.

"ನೀ ಎಲ್ಲಿ ತಪ್ಪಿಸಿಕೊಂಡಿದ್ದಿ? ನಾನ ನಿನ್ನ ಮರತ ಬಸ್ಸ ಹತ್ತಿದ್ದೆ," ಎಂದಳು. "ಹುನಗುಂದ ಬಂದ ಮ್ಯಾಲೆ ಬಾಜೂ ಕೂತಾಕಿ 'ಹುಡುಗಿ ಎಲ್ಲೆವ್ವಾ?' ಅಂದ್ಲು. ಆಗ ನೆನಪಾತು. ನಿನ್ನ ಮುಂದ ಬಾಯಿ ತೆಗದ್ರ ಅದನ್ನ ಹೇಳಬೇಕಾಗ್ತಿತ್ತು. ನಾಚಿಕಿ ಆಗಿತ್ತು."

ಹಗುರಾಗುತ್ತೇನೆ ಎಂದುಕೊಂಡಿದ್ದೆ. ಆಗಲಿಲ್ಲ. ತಪ್ಪು ನನ್ನದಲ್ಲವೆಂದು ತಿಳಿದ ಮಾತ್ರಕ್ಕೆ ಒಳಗಿನ ಒಂಬತ್ತು ವರ್ಷದವಳು ಆ ಸ್ಟೂಲಿನಿಂದ ಇಳಿದು ಬರಲಿಲ್ಲ. ಅವ್ವನ ಮೇಲೆ ಸಿಟ್ಟೂ ಬಂತು, ಪಾಪವೆಂದೂ ಅನ್ನಿಸಿತು. ಅವಳನ್ನು ಯಾವ ಡಾಕ್ಟರೂ ಯಾವತ್ತೂ ಏನೂ ಕೇಳಿರಲಿಲ್ಲ. ಜೋಳದಲ್ಲಿ ಕಲ್ಲು ಹುಡುಕಲು ನಾನೂ ಕೂತೆ.

ಈಗಲೂ ಸಿಟ್ಟು ಬಂದರೆ ನನ್ನ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಮೊನ್ನೆ ಸಹನಾ ಹೊಸ ಕನ್ನಡಕ ಕಳೆದುಕೊಂಡು ಬಂದಳು. ಬಾಯಿ ಮುಚ್ಚುವ ಮೊದಲೇ ಕಷ್ಟಪಟ್ಟು ಹೇಳಿದೆ: "ನನಗ ಸಿಟ್ಟ ಬಂದೇತಿ. ಸ್ವಲ್ಪ ಹೊತ್ತು ಮಾತಾಡಂಗಿಲ್ಲ. ಆದ್ರ ಎಲ್ಲೂ ಹೋಗಂಗಿಲ್ಲ, ಇಲ್ಲೇ ಇರ್ತೇನಿ."

"ಎಷ್ಟೊತ್ತು?"

"ಕುಕ್ಕರ್ ನಾಕು ಸೀಟಿ ಹೊಡಿಯೂತನಕ."

ಅವಳು ಒಲೆಯ ಪಕ್ಕ ಗೋಡೆಗೊರಗಿ ನಿಂತಳು. ಇಬ್ಬರೂ ಎಣಿಸತೊಡಗಿದೆವು. ಎಷ್ಟೋ ಹೊತ್ತಿನ ಮೇಲೆ ಅನ್ನ ಸೀದ ವಾಸನೆ ಬಂತು.

"ಎಷ್ಟ ಆದವು?" ಎಂದು ನಾನೇ ಮೊದಲು ಮಾತಾಡಿದೆ.

"ನೀ ಎಣಸಾಕತ್ತಿ ಅಂತ ನಾ ಬಿಟ್ಟೆ," ಎಂದಳು.

ತಳ ಹತ್ತಿದ ಅನ್ನವನ್ನು ಮಾತಾಡುತ್ತಲೇ ಉಂಡೆವು.