ಕುಸುಬಿ ಎಣ್ಣೆ ಕುಡಿದ ಇಂಜಿನ್ನು

ಕಾದ ಕಡಾಯಿಯಲ್ಲಿ ಕುಸುಬಿ ಎಣ್ಣೆ ಸೀದು ಘಾಟು ಎದ್ದರೆ ನಾನು ಇಂದಿಗೂ ಒಲೆ ಆರಿಸಿ ಸ್ವಲ್ಪ ಹೊತ್ತು ಸುಮ್ಮನೆ ನಿಂತುಬಿಡುತ್ತೇನೆ. ಯಾಕೆ ಅಂತ ನೀವು ಎಷ್ಟೋ ಸಲ ಕೇಳಿದ್ದೀರಿ. ಬಾಯಿಬಿಟ್ಟು ಹೇಳುವುದು ನನಗೆ ಬರುವುದಿಲ್ಲ ಮಕ್ಕಳೇ, ಅದಕ್ಕೇ ಬರೆಯುತ್ತಿದ್ದೇನೆ.

ಆಗ ನಾವು ಭೀಮರಾಯನಗುಡಿಯ ಕಾಲುವೆ ಕೆಲಸದ ಕ್ಯಾಂಪಿನಲ್ಲಿದ್ದೆವು. ತಗಡು ಹೊದಿಸಿದ ಆ ಎರಡು ಕೋಣೆಯ ಮನೆ ಈಗಿಲ್ಲ. ಹೋದ ವರ್ಷ ನೋಡಿದಾಗ ಅಲ್ಲಿ ಜಾಲಿ ಬೆಳೆದಿತ್ತು. ನನ್ನ ಅಪ್ಪ ಸುಟ್ಟ ಮೋಟರುಗಳಿಗೆ ತಂತಿ ಸುತ್ತುವ ಕೆಲಸದವನು. ಅವನ ತಂದೆ, ಅಂದರೆ ನನ್ನ ಅಜ್ಜ, ಯಾದಗಿರಿ ದಾರಿಯ ಉಗಿ ಇಂಜಿನ್ನುಗಳಿಗೆ ಕಲ್ಲಿದ್ದಲು ಹಾಕುತ್ತಿದ್ದ ಫೈರ್‌ಮನ್. ನಿವೃತ್ತನಾಗಿ ನಮ್ಮಲ್ಲಿಗೆ ಬರುವಾಗಲೇ ಅವನ ಕಣ್ಣಿನ ನರ ಒಣಗತೊಡಗಿತ್ತು. ಇನ್ನು ಕೆಲವೇ ತಿಂಗಳು ಕಾಣುತ್ತದೆ ಎಂದು ಡಾಕ್ಟರು ಹೇಳಿದ್ದರು. "ಕಣ್ಣು ಪೂರಾ ಹೋಗೂದ್ರಾಗ ಇಂಜಿನ್ನಿನ ಹೊಗಿ ಮತ್ತೊಮ್ಮಿ ನೋಡಬೇಕನಸ್ತದ" ಎಂದು ಅವನು ಅಂದದ್ದೇ ತಡ, ಅಪ್ಪ ತಗಡು ಕತ್ತರಿಸಿ, ಬೆಸುಗೆ ಹಾಕಿ, ಮೊಳದುದ್ದದ ಇಂಜಿನ್ನು ಮಾಡಿದ. ಅದರ ಚಿಮಣಿಯೊಳಗೆ ಬೆರಳುದ್ದದ ಹಿತ್ತಾಳೆ ಕೊಳವೆ. ಕೊಳವೆಯಲ್ಲಿ ದೀಪದ ಬತ್ತಿ, ಬತ್ತಿಗೆ ಸುತ್ತಿದ ಕೂದಲಿನಂಥ ತಂತಿ. ಹೊಗೆಗೆಂದೇ ಅಪ್ಪ ತಂದಿಟ್ಟ ಸಣ್ಣ ಬಾಟಲಿಯಿಂದ ತಿಳಿ ಎಣ್ಣೆ ನಾಲ್ಕು ಹನಿ ಬಿಟ್ಟು ಕರೆಂಟು ಕೊಟ್ಟರೆ ತಂತಿ ಕಾದು ಬೆಳ್ಳನೆಯ ಹೊಗೆ ಸುರುಳಿಸುರುಳಿಯಾಗಿ ಏಳುತ್ತಿತ್ತು. ದಿನಾ ಸಂಜೆ ಅಜ್ಜ ಮುಖ ತಾಗುವಷ್ಟು ಬಾಗಿ ಅದನ್ನೇ ನೋಡುತ್ತಿದ್ದ. ಅವನ ಕಣ್ಣಿಗೆ ಬೇಕಾಗಿದ್ದದ್ದು ಅದೊಂದೇ.

ಒಂದು ಮಧ್ಯಾಹ್ನ ಅಪ್ಪ ಕೆಲಸಕ್ಕೆ ಹೋಗಿದ್ದಾಗ ಅಜ್ಜ ನನಗೆ, "ಒಂದೀಟು ಹೊಗಿ ಬಿಡವ್ವಾ" ಎಂದ. ಬಾಟಲಿ ಬರಿದಾಗಿತ್ತು. ನಮ್ಮ ಮನೆಯಲ್ಲಿ ಕುಸುಬಿ ಎಣ್ಣೆಯಿಂದ ಆಗದ ಕೆಲಸವೇ ಇರಲಿಲ್ಲ: ಒಗ್ಗರಣೆಗೂ ಅದೇ, ದೇವರ ದೀಪಕ್ಕೂ ಅದೇ, ಅಜ್ಜನ ಮೊಣಕಾಲಿಗೂ ಕಿರುಗುಟ್ಟುವ ಕದಕ್ಕೂ ಅದೇ. ಇಂಜಿನ್ನಿಗೂ ಆದೀತೆಂದು ಅವ್ವನ ಎಣ್ಣೆ ಗಿಂಡಿ ತಂದು ಕೊಳವೆ ತುಂಬ ಸುರಿದು ಕರೆಂಟು ಕೊಟ್ಟೆ. ದಟ್ಟ ಹೊಗೆ ಬುಸ್ಸೆಂದು ಎದ್ದಿತು. "ಏನವ್ವಾ, ಇಂಜಿನ್ನಿನ್ಯಾಗ ಭಜಿ ಕರ್ಯಾಕತ್ತೀಯೇನು?" ಅಂತ ಅಜ್ಜ ನಕ್ಕ. ಅವನ ನಗು ಮುಗಿಯುವ ಮೊದಲೇ ಒಳಗೆ ತಂತಿ ಪಟ್ಟೆಂದು ಕಡಿಯಿತು.

ಸಂಜೆ ಅಪ್ಪ ಬಿಚ್ಚಿ ನೋಡಿದರೆ ಎಣ್ಣೆ ಬೆಂದು ಜಾಲಿಯ ಅಂಟಿನಂತೆ ಕೊಳವೆಗೆ ಕಚ್ಚಿಕೊಂಡಿತ್ತು. "ಇದರಾಗ ಎಣ್ಣಿ ಯಾರು ಸುರದ್ರಿ?" ಎಂದ.

"ನಾನ ಸುರದೀನಿ. ಏನೀಗ?" ಎಂದ ಅಜ್ಜ.

ದಣಿದು ಬಂದಿದ್ದ ಅಪ್ಪ, "ಕಣ್ಣು ಕಾಣದಾಂವ ಯಾಕ ಮುಟ್ಟಾಕ ಹೋಗಿದ್ದಿ?" ಎಂದುಬಿಟ್ಟ. ಆ ಮಾತನ್ನು ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಯಾರೂ ಆಡಿರಲಿಲ್ಲ. ಅಜ್ಜ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, ಗೋಡೆ ಹಿಡಿದು ಹೊರಗಿನ ಕಟ್ಟೆಗೆ ಹೋದ. ಆಗಲೂ ನಾನು ಬಾಯಿಬಿಡಲಿಲ್ಲ.

ಮರುದಿನದಿಂದ ಅಪ್ಪ ಆ ಕೊಳವೆಯ ಮುಂದೆಯೇ ಕೂತ. ಸೀಮೆಎಣ್ಣೆಯಲ್ಲಿ ನೆನೆಸಿ, ದಬ್ಬಣದಿಂದ ಕೆರೆದು, ಹೊಸ ಬತ್ತಿ ಹಾಕಿದ. ಮೊದಲಿನಂಥ ತಂತಿ ಮಾತ್ರ ಶಹಾಪುರ, ಸುರಪುರ ಎಲ್ಲಿ ಹುಡುಕಿದರೂ ಸಿಗಲಿಲ್ಲ. ಸಿಕ್ಕದ್ದರಲ್ಲಿ ತೆಳ್ಳಗಿನದು ಸುಟ್ಟು ಹೋಗುತ್ತಿತ್ತು, ದಪ್ಪನೆಯದು ಸಾಕಷ್ಟು ಕಾಯುತ್ತಿರಲಿಲ್ಲ. ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು. ಎಳ್ಳಮಾಸಿ ಹಬ್ಬ ಬರುವಷ್ಟರಲ್ಲಿ ಅಜ್ಜನಿಗೆ ಹಗಲೂ ಇರುಳೂ ಒಂದೇ ಆಗಿತ್ತು.

ಒಂದು ಬೆಳಿಗ್ಗೆ ಅಪ್ಪ ಅವನನ್ನು ಇಂಜಿನ್ನಿನ ಮುಂದೆ ಕೂರಿಸಿ, ಅವನ ಅಂಗೈಯನ್ನು ಚಿಮಣಿಯ ಮೇಲೆ ಹಿಡಿದ. ಕೊಳವೆ ಬೆಚ್ಚಗಾಯಿತು, ಅಷ್ಟೇ. ಹೊಗೆ ಏಳಲಿಲ್ಲ. "ಬಂತೇನೋ ಹೊಗಿ?" ಎಂದು ಅಜ್ಜ ಕೇಳಿದ. ಅಪ್ಪ ಬಗ್ಗಿ ಕರೆಂಟಿನ ವಯರನ್ನು ಮತ್ತೊಮ್ಮೆ ಒತ್ತಿ ನೋಡಿದ. "ಬಂದೈತಿ ಅಜ್ಜಾ, ಸಣ್ಣಗ, ಬೆಳ್ಳಗ" ಎಂದು ನಾನೇ ಅಂದೆ. ಅಜ್ಜ ಮೂಗರಳಿಸಿದ. ಹೊಗೆಯಲ್ಲೇ ಆಯುಷ್ಯ ಕಳೆದವನಿಗೆ ತಿಳಿಯದೆ ಇರುತ್ತದೆಯೇ? ಆದರೂ ಕೈ ತೆಗೆಯಲಿಲ್ಲ.

"ಛಲೋ ಬೆಂಕಿಗಿ ಹೊಗಿ ಕಡಿಮಿನ ಇರ್ತದ. ನಿಮ್ಮಪ್ಪ ಬೆಂಕಿ ಛಲೋ ಹಚ್ಯಾನ" ಎಂದ.

ಅಪ್ಪ ಅವನ ಮಡಿಲಲ್ಲಿ ತಲೆಯಿಟ್ಟು ಅತ್ತ. ಎಣ್ಣೆ ಸುರಿದವಳು ನಾನೆಂದು ಆಗಲಾದರೂ ಹೇಳಬಹುದಿತ್ತು. ನಾಳೆ ಹೇಳಿದರಾಯಿತು ಅಂದುಕೊಂಡೆ. ಅಜ್ಜ ಹೋದ. ತಾನಾಡಿದ ಆ ಒಂದು ಮಾತಿಗೆ ಕೊರಗುತ್ತಲೇ ಅಪ್ಪನೂ ಹೋದ. ಬೈಯಬೇಕಾದವರು ಒಬ್ಬರೂ ಉಳಿಯದ ಮೇಲೆ ನಿಮಗೆ ಹೇಳುತ್ತಿದ್ದೇನೆ. ಅವತ್ತೇ ಬೈಸಿಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು.