ಕರಿ ಮಷೀನು, ಬಿಳಿ ಮಷೀನು

ಹೋದ ವಾರ ಹಾನಗಲ್ಲಿಗೆ, ಅಕ್ಕನ ಮನೆಗೆ ಹೋಗಿದ್ದೆ. ಮಧ್ಯಾಹ್ನ ಊಟವಾದ ಮೇಲೆ ಅಡ್ಡಾಗೋಣವೆಂದು ಒಳಕೋಣೆಗೆ ಹೋದರೆ, ಟೀವಿಯ ಕೆಳಗೆ ಅಕ್ಕನ ಮಗನ ಗೇಮಿನ ಮಷೀನು ಚಾಲೂ ಇತ್ತು. ಹುಡುಗ ಆರಿಸುವುದನ್ನು ಮರೆತು ಕೆಲಸಕ್ಕೆ ಹೋಗಿದ್ದ. ಅದರ ಬೆನ್ನಿನಿಂದ ಬೆಚ್ಚನೆಯ ಗಾಳಿ ಬರುತ್ತಿತ್ತು. ಕಾದ ಪ್ಲಾಸ್ಟಿಕ್ಕು, ಸುಟ್ಟ ಧೂಳು ಎರಡೂ ಕೂಡಿದ ವಾಸನೆ. ಮೂಗಿಗೆ ಹಿತವೆನಿಸುವಂಥದ್ದೇನಲ್ಲ. ಆದರೂ ನಾನು ದಿಂಬು ಎಳೆದುಕೊಂಡು ಅದರ ಮಗ್ಗುಲಿಗೇ ಮಲಗಿದೆ. ನಿದ್ದೆ ಬರಲಿಲ್ಲ... ಸವಣೂರಿನ ನನ್ನ ಬಾಜೂ ಅಂಗಡಿಯ ಅಣ್ಣ ನೆನಪಾದರು.

ಸವಣೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನದು ಕುಬಸ ಹೊಲಿಯುವ ಅಂಗಡಿ. ಅವರದು ವಿಡಿಯೋ ಗೇಮಿನ ಅಂಗಡಿ. ಮಾಲೀಕ ಒಂದೇ ಕೋಣೆಗೆ ನಡುವೆ ಹಲಗೆ ಹೊಡೆಸಿ ಎರಡು ಮಾಡಿ ಬಾಡಿಗೆಗೆ ಕೊಟ್ಟಿದ್ದ. ಆ ಕಡೆ ಕೆಮ್ಮಿದರೆ ಈ ಕಡೆ ಕೇಳುತ್ತಿತ್ತು. ಊರವರೆಲ್ಲ ಅವರನ್ನು ಗೇಮಿನಣ್ಣ ಎನ್ನುತ್ತಿದ್ದರು. ನಾನು ಅಣ್ಣಾರ ಎನ್ನುತ್ತಿದ್ದೆ, ಅವರು ನನ್ನನ್ನು ತಂಗಿ ಎನ್ನುತ್ತಿದ್ದರು. ಯಲವಿಗಿಯ ಕಡೆಯ ಒಂದು ಹಳ್ಳಿಯವರು, ಒಕ್ಕಲುತನದ ಮನೆತನ. ತಮ್ಮನೊಬ್ಬನನ್ನು ಜತೆಗಿಟ್ಟುಕೊಂಡು ಅಂಗಡಿ ತೆಗೆದಿದ್ದರು.

ಅಂಗಡಿಯಲ್ಲಿ ಎರಡು ಟೀವಿ, ಎರಡು ಮಷೀನು. ಒಂದು ಕರಿಯದು, ಒಂದು ಬಿಳಿಯದು. ಎರಡೂ ಬೇರೆ ಬೇರೆ ಕಂಪನಿಯವು, ಒಂದಕ್ಕೊಂದು ಆಗದವು. ಇದರ ಸೀಡಿ ಅದು ನುಂಗುತ್ತಿರಲಿಲ್ಲ, ಅದರ ರಿಮೋಟು ಇದಕ್ಕೆ ಕೂಡುತ್ತಿರಲಿಲ್ಲ. ಅಣ್ಣ ಕರಿಯದರ ಮುಂದೆ ಕೂರುವರು, ತಮ್ಮ ಬಿಳಿಯದರ ಮುಂದೆ. ಬರುವ ಹುಡುಗರಲ್ಲೂ ಎರಡು ಪಾರ್ಟಿ. ಯಾವ ಕಂಪನಿ ಗೆಲ್ಲುತ್ತದೆ, ಯಾವುದು ಮುಳುಗುತ್ತದೆ ಎಂದು ಅವರು ವಾದ ಹೂಡಿದರೆ ನಮ್ಮಲ್ಲಿಯ ಪಂಚಾಯತಿ ಎಲೆಕ್ಷನ್ನೇ ಮೇಲು ಎನ್ನಬೇಕು. ಸೈಬರ್ ಕೆಫೆಗೆ ಹೋಗಿ ಸುದ್ದಿ ಓದಿಕೊಂಡು ಬರುವನು ತಮ್ಮ. ಜಪಾನಿನಲ್ಲಿ ಹೀಗಾಯಿತಂತೆ, ಅಮೆರಿಕದಲ್ಲಿ ಹಾಗಾಯಿತಂತೆ, ಮುಂದಿನದೆಲ್ಲ ಬಿಳಿಯದೇ ಅಂತೆ. ಅಣ್ಣ ಎಲ್ಲ ಕೇಳಿ, ತಣ್ಣಗೆ ಅನ್ನುವರು:

“ಜಪಾನದ್ದು ಬಿಡಲೇ. ಹುಬ್ಬಳ್ಳ್ಯಾಗ ಯಾವ ಸೀಡಿ ಸಿಗತಾವು ಅದನ್ನ ಹೇಳು.”

ಮಧ್ಯಾಹ್ನ ಶಾಲೆ ಬಿಡುವ ತನಕ ಅಂಗಡಿ ಖಾಲಿ. ಆಗ ಅಣ್ಣ ತಮ್ಮ ಇಬ್ಬರೇ ಆಡುವರು. ಇಬ್ಬರು ಪೈಲ್ವಾನರು ಕುಸ್ತಿ ಹಿಡಿಯುವ ಆಟ. ಒಂದು ದಿನ ಕರಿಯದರ ಮೇಲೆ, ಒಂದು ದಿನ ಬಿಳಿಯದರ ಮೇಲೆ. ಅಬ್ಬಾ, ಆ ಗದ್ದಲ! “ಮೋಸ ಮಾಡಬ್ಯಾಡಲೇ!” “ನೀ ಮಾಡಿದ್ದು ಮೋಸ ಅಲ್ಲೇನು?” “ನಿನ್ನ ರಿಮೋಟು ಕಿತ್ತು ಒಗಿತೇನಿ ನೋಡು!” ನನಗೆ ಇತ್ತ ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ನಾನೇನು ಬಾಯಿ ಸತ್ತವಳಲ್ಲ. ಬಟ್ಟೆ ಅಳೆಯುವ ಕಟ್ಟಿಗೆಯಿಂದ ಹಲಗೆ ಕುಟ್ಟಿ ಬೈಯುತ್ತಿದ್ದೆ. ಚಣ ಹೊತ್ತು ಸುಮ್ಮನಾಗುವರು. ಆಮೇಲೆ ಇಬ್ಬರೂ ಕಿಸಕ್ಕನೆ ನಕ್ಕದ್ದು ಕೇಳುತ್ತಿತ್ತು.

ತಮ್ಮನ ಮದುವೆಯಾಯಿತು. ಅವರ ಅಪ್ಪ ತೀರಿಕೊಂಡರು. ಎಲ್ಲ ಮನೆಗಳಲ್ಲಿ ಆಗುವಂತೆ ಅಲ್ಲಿಯೂ ಬೇರೆಯಾಗುವ ಮಾತು ಬಂತು. ಹೊಲ ಮನೆ ಎಲ್ಲ ಹಳ್ಳಿಯಲ್ಲೇ ಪಾಲಾಯಿತು. ಉಳಿದದ್ದು ಅಂಗಡಿ. ಅದಕ್ಕಾಗಿ ಒಂದು ದಿನ ಊರಿನ ಹಿರಿಯರು ಸವಣೂರಿಗೇ ಬಂದರು. ಹುಡುಗರು ಕೂರುವ ಬೆಂಚಿನ ಮೇಲೆ ಪಟಗಾ ಸುತ್ತಿದ ಮುದುಕರು ಸಾಲಾಗಿ ಕೂತಿದ್ದನ್ನು ನೋಡಿ ನನಗೆ ನಗು ತಡೆಯಲಾಗಿರಲಿಲ್ಲ. ಕುಡಿಯುವ ನೀರು ನನ್ನ ಅಂಗಡಿಯಿಂದಲೇ ಹೋಗಿದ್ದರಿಂದ ನಾನೂ ಬಾಗಿಲಲ್ಲಿ ನಿಂತಿದ್ದೆ.

ಅವರ ಕಡೆ ಪಾಲು ಮಾಡುವ ಪದ್ಧತಿ ಹೀಗೆ. ಹಿರಿಯವನು ಎರಡು ಪಾಲು ಹಚ್ಚಬೇಕು, ಕಿರಿಯವನು ಮೊದಲು ಆರಿಸಿಕೊಳ್ಳಬೇಕು. ಆರಿಸಿದ ಮೇಲೆ ಹಿರಿಯರು ಎಲೆ ಅಡಿಕೆ ಕೊಡುತ್ತಾರೆ. ಅದನ್ನು ಬಾಯಿಗೆ ಹಾಕಿಕೊಂಡರೆ ಮುಗಿಯಿತು, ಆ ಪಾಲಿನ ಬಗ್ಗೆ ಮತ್ತೆ ಯಾರೂ ಸೊಲ್ಲೆತ್ತುವಂತಿಲ್ಲ. ಎತ್ತಿದರೆ ಕೂತ ಹಿರಿಯರಿಗೆಲ್ಲ ಅವಮಾನ.

ಅಣ್ಣ ಪಾಲು ಹಚ್ಚಿದರು. ಒಂದು ಕಡೆ ಕರಿ ಮಷೀನು; ಅದರ ಜತೆಗೆ ದೊಡ್ಡ ಟೀವಿ, ಕರೆಂಟು ಹೋದರೆ ಬೇಕಾಗುವ ಇನ್ವರ್ಟರು, ಬೆಂಚುಗಳು, ಅಂಗಡಿಯ ಜಾಗ ಸಹ. ಇನ್ನೊಂದು ಕಡೆ ಬಿಳಿ ಮಷೀನು, ಅದರ ಸೀಡಿಗಳು, ಹಳೆಯ ಟೀವಿ. ಅಷ್ಟೇ. ಮುದುಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂದೊಂದು ಕಡೆ ಎಷ್ಟೆಷ್ಟಿದೆ ಎಂಬುದು ಕುರುಡರಿಗೂ ಕಾಣುವಂತಿತ್ತು. ತಮ್ಮ ಬಹಳ ಹೊತ್ತು ಎರಡೂ ಕಡೆ ನೋಡುತ್ತ ನಿಂತ. ಆಮೇಲೆ ಹೋಗಿ ಬಿಳಿ ಮಷೀನಿನ ಮೇಲೆ ಕೈಯಿಟ್ಟ.

ಅಣ್ಣನ ಮುಖ ಕಪ್ಪಿಟ್ಟಿತು. ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಎಲೆ ಅಡಿಕೆ ಬಂತು... ಮುದುಕರಿಗೆ ಹಿಗ್ಗೋ ಹಿಗ್ಗು. ಒಂದು ಮಾತಿಲ್ಲ, ಒಂದು ಜಗಳವಿಲ್ಲ, ಇಂಥ ಪಾಲು ಕಂಡೇ ಇರಲಿಲ್ಲ ಎಂದು ಹೊಗಳಿಕೊಳ್ಳುತ್ತ ಬಸ್ಸು ಹತ್ತಿದರು. ಹಳೆಯ ಸೀರೆಯೊಂದನ್ನು ನನ್ನಿಂದಲೇ ಕೇಳಿ ಇಸಿದುಕೊಂಡು, ಮಷೀನು ಸುತ್ತಿಕೊಂಡು ಹೋದ ತಮ್ಮ. ಶಿಗ್ಗಾಂವಿಯಲ್ಲಿ ಅಂಗಡಿ ತೆಗೆದನಂತೆ ಎಂದು ಆಮೇಲೆ ಕೇಳಿದೆ. ಅಣ್ಣನ ಬಾಯಿಂದ ಅವನ ಸುದ್ದಿ ಬರಲಿಲ್ಲ. ಕೇಳಿದರೆ, “ಅದಾನ, ಆರಾಮ ಅದಾನ” ಎನ್ನುವರು. ಮಾತು ಬಿಟ್ಟಿದ್ದರೆಂದಲ್ಲ. ಹಬ್ಬಕ್ಕೆ ಹಳ್ಳಿಯಲ್ಲಿ ಕೂಡಿದಾಗ ಆರಾಮೇನು, ಮಳೆ ಹೆಂಗ ಎಂದು ಬೀಗರ ಹಾಗೆ ಮಾತಾಡುತ್ತಿದ್ದರಂತೆ. ಬಿಡುವುದಕ್ಕಿಂತ ಅದು ಕಷ್ಟ.

ಬಿಳಿಯದಕ್ಕೆ ಹೊಸ ಸೀಡಿ ಬರುವುದು ಕಡಿಮೆಯಾಗಿ ಶಿಗ್ಗಾಂವಿಯ ಅಂಗಡಿ ಮುಚ್ಚಿತು. ಹೆಂಡತಿಯ ತವರಾದ ಹಿರೇಕೆರೂರಿಗೆ ಹೋಗಿ ಮೊಬೈಲು ಮಾರತೊಡಗಿದ ತಮ್ಮ. ಸವಣೂರಿನಲ್ಲಿ ಕರಿಯದು ಮೆರೆಯಿತು, ಕೆಲವು ವರ್ಷ. ಆಮೇಲೆ ಎಲ್ಲರ ಕೈಗೂ ಮೊಬೈಲು ಬಂತು, ಅದರಲ್ಲೇ ಆಟವೂ ಬಂತು. ಬೆಂಚುಗಳು ಖಾಲಿಯಾದವು. ನಾನು ಮೊಬೈಲಿಗೆ ಬೈದರೆ ಅಣ್ಣ ನಕ್ಕರು. “ಕಡೀಕ ನನ್ನ ತಮ್ಮನಽ ಗೆದ್ದ ನೋಡು ತಂಗಿ. ಅವ ಮಾರಾಕತ್ತಿದ್ದಽ ಮುಂದಿಂದು.” ಆ ಮಾತಿನಲ್ಲಿ ಹೊಟ್ಟೆಕಿಚ್ಚು ಒಂದಿಷ್ಟೂ ಇರಲಿಲ್ಲ, ಹೆಮ್ಮೆಯೇ ಇತ್ತು.

ಒಂದು ಮಧ್ಯಾಹ್ನ ಹಲಗೆಯ ಆ ಕಡೆಯಿಂದ ಕುಸ್ತಿ ಆಟದ ಬಾಜಾ ಕೇಳಿಸಿತು. ಗಿರಾಕಿ ಬಂದಿರಬೇಕೆಂದು ಖುಷಿಯಾಗಿ ಇಣುಕಿದೆ. ಅಣ್ಣ ಒಬ್ಬರೇ ಇದ್ದರು. ಒಂದು ರಿಮೋಟು ಕೈಯಲ್ಲಿ, ಇನ್ನೊಂದು ಬೆಂಚಿನ ಮೇಲೆ, ಯಾರೋ ಈಗ ಎದ್ದು ಹೋದವರು ಇಟ್ಟಂತೆ. ಟೀವಿಯಲ್ಲಿ ಇಬ್ಬರು ಪೈಲ್ವಾನರು. ಒಬ್ಬ ಅತ್ತಿಂದಿತ್ತ ಓಡಾಡುತ್ತಿದ್ದ, ಇನ್ನೊಬ್ಬ ನಿಂತಲ್ಲೇ ಉಸಿರಾಡುತ್ತ ನಿಂತಿದ್ದ. ಅಣ್ಣ ಅವನಿಗೆ ಹೊಡೆಯುತ್ತಿರಲಿಲ್ಲ. ಸುಮ್ಮನೆ ಅವನ ಸುತ್ತ ಸುತ್ತುತ್ತಿದ್ದರು.

“ಮಷೀನಿನ ಕೂಡನಽ ಆಡಬಹುದಲ್ರೀ ಅಣ್ಣಾರ, ಅದಽ ಎದುರಾಳಿ ಆಗತೈತಿ ಅಂತಿದ್ರಿ?” ಎಂದೆ.

“ಅದು ಬೈಯೂದಿಲ್ಲ ತಂಗಿ,” ಎಂದರು.

ಹೋಗಿ ಆ ರಿಮೋಟು ಎತ್ತಿಕೊಂಡು ಪಕ್ಕಕ್ಕೆ ಕೂತೆ. ಯಾವ ಗುಂಡಿ ಒತ್ತಿದರೆ ಏನಾಗುತ್ತದೆ ಎಂಬುದು ನನಗೆ ಕಡೆಯವರೆಗೂ ತಿಳಿಯಲಿಲ್ಲ. ನನ್ನ ಪೈಲ್ವಾನ ಗೋಡೆಗೇ ಡಿಕ್ಕಿ ಹೊಡೆಯುತ್ತಿದ್ದ. ಆದರೂ ಕೆಲಸ ಕಡಿಮೆಯಿದ್ದ ಮಧ್ಯಾಹ್ನ ಹೋಗಿ ಕೂರತೊಡಗಿದೆ. ಹಾಗೆ ಆಡುತ್ತಾ, ಟೀವಿಯ ಮೇಲಿನ ಕಣ್ಣು ತೆಗೆಯದೆ, ಒಂದು ದಿನ ಅವರೇ ಹೇಳಿದರು. ಬಿಳಿಯದು ಬಹಳ ದಿನ ಬಾಳುವುದಿಲ್ಲವೆಂದು ಅವರಿಗೆ ಆಗಲೇ ಗೊತ್ತಿತ್ತಂತೆ. “ಹೊಸದಾಗಿ ಲಗ್ನ ಆದವ. ಅವನಽ ತಗೊಳ್ಳಲಿ ಅಂತ ಎಲ್ಲಾನೂ ಕರೀದಕ್ಕ ಕೂಡಿಸಿಟ್ಟಿದ್ದೆ. ಮೊದ್ಲ ಆರಸಾಂವ ಅವನಽ ಅಲ್ಲೇನು? ಆದ್ರೂ ನನ್ನ ಕೈಯಾಂದು ಬ್ಯಾಡ ಆತು ಅವಗ...”

ಇಷ್ಟು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂತಿದ್ದರು! ಫೋನು ಹಚ್ಚಿ ಹೇಳಬಾರದೇ ಎಂದು ರೇಗಿದೆ. ಎಲೆ ಅಡಿಕೆ ಹಾಕಿಕೊಂಡ ಮೇಲೆ ಹೇಗೆ ಹೇಳುವುದು ಎಂದರು. ನಾನೇನು ಯಾರ ಎಲೆಯನ್ನೂ ಹಾಕಿಕೊಂಡಿರಲಿಲ್ಲ.

ಹಂಸಭಾವಿಯಲ್ಲಿ ನಮ್ಮವರದೊಂದು ಲಗ್ನವಿತ್ತು. ಅದನ್ನು ಮುಗಿಸಿಕೊಂಡು ಹಿರೇಕೆರೂರಿಗೆ ಹೋಗಿ ತಮ್ಮನ ಅಂಗಡಿ ಹುಡುಕಿದೆ. ಗಾಜಿನ ಪೆಟ್ಟಿಗೆಯ ಹಿಂದೆ ಕೂತಿದ್ದ. ತಲೆ ಅಲ್ಲಲ್ಲಿ ನರೆತಿತ್ತು. ಕುರ್ಚಿ ಹಾಕಿ, ಚಹಾ ತರಿಸಿ, ಅಕ್ಕಾರ ಅಕ್ಕಾರ ಎಂದು ಉಪಚಾರ ಮಾಡಿದ. ನಾನು ಸುತ್ತಿ ಬಳಸಿ ಮಾತಾಡುವವಳಲ್ಲ, ಎಲ್ಲ ಹೇಳಿಬಿಟ್ಟೆ. ಅವನು ಕೈಯಲ್ಲಿದ್ದ ಚಹಾದ ಕಪ್ಪು ಕೆಳಗಿಟ್ಟ.

“ಬಿಳಿದು ಮುಳಗೂದು ನನಗೂ ಗೊತ್ತಿತ್ರಿ ಅಕ್ಕಾರ,” ಎಂದ. “ಅಣ್ಣ ಎಲ್ಲಾ ತನ್ನ ಮಷೀನಿಗೆ ಕೂಡಿಸಿಟ್ಟಿದ್ದ. ಅವಗ ಅದು ಬೇಕಾಗೇತಿ ಅಂದಕೊಂಡೆ. ಅವನ ಅನ್ನ ನಾ ಹೆಂಗ ಕಸಗೊಳ್ಳಲಿ? ಅದಕ್ಕಽ ಬಿಟ್ಟು ಬಂದೆ. ಬಿಟ್ಟು ಬಂದದ್ದಕ್ಕ ಒಂದು ಮಾತರ ಆಡತಾನ ಅಂದಕೊಂಡಿದ್ದೆ... ಆಡಲಿಲ್ಲ.”

ಮುಂದಿನ ಭಾನುವಾರವೇ ಬರುತ್ತೇನೆಂದ. ಅವನ ಮಾತೆಲ್ಲ ಅಣ್ಣನಿಗೆ ಮುಟ್ಟಿಸಿದೆ. ಹೇಳಿದಂತೆ ಬಂದ ಕೂಡ. ಅಣ್ಣ ಬೆಳಿಗ್ಗೆಯೇ ಅಂಗಡಿ ಗುಡಿಸಿ, ಟೀವಿ ಒರೆಸಿ, ತಿನ್ನಲು ಸಾವಜಿ ಖಾರಾ ತರಿಸಿಟ್ಟಿದ್ದರು. ನಾನು ಹಲಗೆಯ ಈ ಕಡೆ ಹೊಲಿಗೆ ಮಷೀನು ನಿಲ್ಲಿಸಿ ಕೂತೆ. ಇಂದು ಕುಟ್ಟಬಾರದು, ಎಷ್ಟು ಬೇಕಾದರೂ ಒದರಲಿ ಎಂದುಕೊಂಡಿದ್ದೆ. ಕುಸ್ತಿಯ ಬಾಜಾ ಶುರುವಾಯಿತು. “ನೀ ಹೊಡಿಯೋ,” ಎಂದರು ಅಣ್ಣ. “ನೀ ಹೊಡಿಯಣ್ಣಾ,” ಎಂದ ತಮ್ಮ. ಮತ್ತೆ ಸದ್ದಿಲ್ಲ. ಬಾಜಾ ಮಾತ್ರ ಸುತ್ತಿ ಸುತ್ತಿ ಬರುತ್ತಿತ್ತು. ತಡೆಯಲಾರದೆ ಚಹಾದ ನೆಪ ಮಾಡಿಕೊಂಡು ಹೋದೆ. ಟೀವಿಯಲ್ಲಿ ಇಬ್ಬರು ಪೈಲ್ವಾನರೂ ಎದುರುಬದುರು ನಿಂತಿದ್ದರು. ಒಬ್ಬನು ಸೋಲಲು ಮುಂದೆ ಬಂದರೆ ಇನ್ನೊಬ್ಬನು ಹಿಂದೆ ಸರಿಯುತ್ತಿದ್ದ. ಅಣ್ಣನನ್ನು ಗೆಲ್ಲಿಸಬೇಕೆಂದು ತಮ್ಮ, ತಮ್ಮನನ್ನು ಗೆಲ್ಲಿಸಬೇಕೆಂದು ಅಣ್ಣ. ಎಲ್ಲ ತಿಳಿದ ಮೇಲೂ ಮತ್ತೆ ಅದನ್ನೇ ಮಾಡುತ್ತಿದ್ದರು! ಹೊಡೆದಾಡ್ರೋ ಎಂದು ಕೂಗಬೇಕೆನಿಸಿತು. ಚಹಾ ಇಟ್ಟು ಬಂದೆ.

ಸಂಜೆ ತಮ್ಮನನ್ನು ಬಸ್ಸು ಹತ್ತಿಸಿ ಬಂದು ಅಣ್ಣ ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತರು. ಚಲೋ ಆಯಿತಲ್ಲ ಎಂದೆ. “ಚಲೋ ಆತು,” ಎಂದರು. ಎದ್ದು ಹೊರಟವರು ತಿರುಗಿ, “ಒಮ್ಮೆರ ಮೋಸ ಮಾಡಿದಿ ಅನ್ನಲಿಲ್ಲ ನೋಡು ತಂಗಿ ಅವ,” ಎಂದರು.

ಮತ್ತೆ ಬರುತ್ತೇನೆಂದಿದ್ದ ತಮ್ಮ. ಕೆಲಸ, ಮಕ್ಕಳ ಶಾಲೆ... ಆಗಲಿಲ್ಲ. ಅಣ್ಣನಿಗೆ ಎದೆನೋವು ಬಂತು. ಹುಬ್ಬಳ್ಳಿಗೆ ಕರೆದೊಯ್ದವರು ಹಾಗೆಯೇ ತಿರುಗಿ ತಂದರು. ಮಣ್ಣು ಕೊಡಲು ನಾನೂ ಹೋಗಿದ್ದೆ. ಅಂಗಡಿಯಲ್ಲಿ ಈಗ ಝೆರಾಕ್ಸ್ ಇದೆ. ಓಣಿಯ ಹೊಸ ಹುಡುಗರಿಗೆ ಅಲ್ಲಿ ಆಟವಿತ್ತೆಂಬುದೇ ಗೊತ್ತಿಲ್ಲ. ನನಗೆ ಅವರಿಲ್ಲದ್ದು ಇಂದಿಗೂ ರೂಢಿಯಾಗಿಲ್ಲ.

ಹಾನಗಲ್ಲಿನಲ್ಲಿ ಅಂದು ಸಂಜೆ ಅಕ್ಕನ ಮಗ ಕೆಲಸದಿಂದ ಬಂದು, ಕಿವಿಗೆ ಹೆಡ್‌ಫೋನು ಹಾಕಿಕೊಂಡು ಆಡಲು ಕೂತ. ಯಾರ ಕೂಡ ಆಡುತ್ತಿ ಎಂದು ಕೇಳಿದೆ. ಬ್ಯಾಡಗಿಯ ಗೆಳೆಯನಂತೆ. ಅವನದು ಬೇರೆ ಕಂಪನಿಯ ಮಷೀನಂತೆ. “ಈಗ ಎರಡೂ ಕೂಡಿ ಆಡತಾವು ಚಿಗವ್ವ. ಎಲ್ಲಾ ಆಟ ಅಲ್ಲ, ಕೆಲವು. ಮುಂದ ಸೀಡಿನೂ ಇರೂದಿಲ್ಲ, ಮಷೀನೂ ಇರೂದಿಲ್ಲಂತ,” ಎಂದ. ಮುಂದೆ ಏನಿರುತ್ತದೋ ನನಗೆ ಬೇಕಿರಲಿಲ್ಲ. ಒಬ್ಬನು ಸವಣೂರಿನಲ್ಲಿ, ಒಬ್ಬನು ಹಿರೇಕೆರೂರಿನಲ್ಲಿ ಕೂತು, ಒಬ್ಬನದು ಕರಿಯದು ಒಬ್ಬನದು ಬಿಳಿಯದು ಇದ್ದರೆ ಆಡಬಹುದೇ ಎಂದು ಕೇಳಿದೆ. “ಆಡಬಹುದು. ಯಾರು ಅವರು?” ಎಂದ. ನಾನು ಎದ್ದು ಹೊರಗೆ ಬಂದೆ.

ಸವಣೂರಿಗೆ ಬಂದ ಮೇಲೆ ಇದನ್ನು ಯಾರಿಗಾದರೂ ಹೇಳಬೇಕೆನಿಸಿತು. ಓಣಿಯಲ್ಲಿ ಯಾರಿಗೆ ಹೇಳಲಿ? ಹಿರೇಕೆರೂರಿಗೆ ಫೋನು ಹಚ್ಚಿ, ಎರಡೂ ಕಂಪನಿಯ ಮಷೀನು ಈಗ ಕೂಡಿ ಆಡುತ್ತವಂತೆ ಎಂದೆ.

“ಗೊತ್ತೈತ್ರಿ ಅಕ್ಕಾರ,” ಎಂದ ತಮ್ಮ. “ಅದನ್ನ ಕೇಳಿದ ದಿನ ಖುಷಿಯೊಳಗ ಅಣ್ಣನ ನಂಬರಽ ಒತ್ತಿಬಿಟ್ಟಿದ್ದೆ. ಅವ ಸುಳ್ಳಂತಾನ, ನಾ ಖರೇ ಅಂತೇನಿ, ಜಗಳಾಡೂಣು ಅಂತ.”

“ಆಮ್ಯಾಲೆ?”

“ಯಾರೋ ಎತ್ತಿದ್ರು. ಆ ನಂಬರು ಈಗ ಬ್ಯಾರೆಯವರಿಗೆ ಹೋಗೇತ್ರಿ. ರಾಂಗ್ ನಂಬರ್ ಅಂದ್ರು.”

ಊಟಾ ಆತೇನ್ರಿ ಎಂದು ಕೇಳಿದ. ಆತಪ್ಪಾ ಎಂದೆ. ಆಗಿರಲಿಲ್ಲ.