ಕಣ್ಣಿನ ಬಿಳಿ

ನಮ್ಮ ಕೊಬ್ಬರಿ ಮಂಡಿಗೆ ವೆಬ್‌ಸೈಟ್ ಮಾಡಿಕೊಟ್ಟ ತಿಪಟೂರಿನ ಸ್ಟುಡಿಯೋದವರು ಯಾವ ಚಿತ್ರ ಕೊಟ್ಟರೂ ಕನ್ನಡಕ ಹಣೆಗೇರಿಸಿ, "ಮುಖಕ್ಕೆ ಜೆಪೆಗ್ ಫೈಲು, ಲೋಗೋಗೆ ಜಿಫ್ ಫೈಲು ಕಣ್ರೀ" ಅನ್ನುತ್ತಿದ್ದರು. ತೀರಿಕೊಂಡ ಅಪ್ಪನ ಫೋಟೋಗೆ ಮಾತ್ರ ಆ ಮಾತು ಮೀರಿದರು. ಪುಟದ ಹಿನ್ನೆಲೆಯಲ್ಲಿದ್ದ ನಮ್ಮ ತೋಟದ ಮುಂದೆ ಅಪ್ಪ ನಿಂತಂತೆ ಕಾಣಲೆಂದು ಒಂದು ಬಣ್ಣವನ್ನು ಮಾಯಮಾಡಬಲ್ಲ ಜಿಫ್ ಮಾಡಿ, ಹಿಂದಿನ ಬಿಳಿ ಪರದೆ ಹೋಗಲೆಂದು ಫೋಟೋದ ಬಿಳಿಯನ್ನೆಲ್ಲ ಪಾರದರ್ಶಕವಾಗಿಸಿದರು. ಕಣ್ಣಿನ ಬಿಳಿಯೂ ಹೋಗಿ ಅಲ್ಲಿ ತೋಟ ಕಂಡಿತು. ಪುಟ ಸರಿಸಿದಾಗ ಅಪ್ಪನ ಕಣ್ಣೊಳಗೆ ತೆಂಗಿನ ಗರಿಗಳು ಸರಿದಾಡಿದವು.

"ತಪ್ಪಾಯ್ತು ಕಣ್ರೀ, ಈಗ್ಲೇ ಸರಿಮಾಡ್ತೀನಿ" ಎಂದರು ಸ್ಟುಡಿಯೋದವರು.

ನನ್ನ ಪಕ್ಕ ಕೂತು ನೋಡುತ್ತಿದ್ದ ಅಮ್ಮ ಸೆರಗನ್ನು ತಲೆಯ ಮೇಲೆಳೆದುಕೊಂಡಳು. "ತ್ವಾಟ ನೋಡ್ತಾವ್ರೆ. ಹಂಗೇ ಬುಡಪ್ಪ, ಅಡ್ಡ ಬರಬ್ಯಾಡ."

ಅವರು ಚಿತ್ರವನ್ನು ತಿದ್ದದೆ ಹಾಗೇ ಉಳಿಸಿ, ಮೌಸ್ ಬಿಟ್ಟು ಎದ್ದರು. ಮಾನಿಟರಿನ ಎದುರು ಹಾಯದೆ, ಹಿಂದಿನಿಂದ ಸುತ್ತಿ ಬಂದು, ಪಕ್ಕದಿಂದ ಕೈ ಚಾಚಿ ಮಾನಿಟರ್ ಆರಿಸಿದರು.